ಕೈಲಾಸ ಬಾಗಿಲಿಗೆ ಅಕ್ಕನ ಉಡಿಗಂಟು

ಹುಲಿ ಬರಬಹುದಿತ್ತು, ನಲ್ಲಮಲೆ ಹುಲಿಗಳ ಕಾಡು. ಹುಲಿ ಬಾರದಿದ್ದರೆ ಹಾವು, ಹಾವೂ ಬಾರದಿದ್ದರೆ ಹೆಜ್ಜೇನು. ನೀರು ತೀರಬಹುದಿತ್ತು, ಬಿಸಿಲಿಗೆ ತಲೆ ತಿರುಗಬಹುದಿತ್ತು, ಗುಂಪು ಮುಂದೆ ಹೋಗಿ ತೆಲುಗು ಬಾರದ ನಾನೊಬ್ಬನೇ ಕಾಡಿನಲ್ಲಿ ಉಳಿಯಬಹುದಿತ್ತು. ಬಿ.ಪಿ. ಗುಳಿಗೆ ಕಳೆಯಬಹುದೆಂದು ಎರಡು ಜೇಬಿನಲ್ಲಿ ಎರಡು ಪಟ್ಟಿ ಇಟ್ಟುಕೊಂಡಿದ್ದೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ನನ್ನ ಮೋಟಾರು ರಿಪೇರಿ ಅಂಗಡಿಯ ಶಟರಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಅನುಮಾನವಂತೂ ಕರ್ನೂಲು ದಾಟುವವರೆಗೆ ಬೆನ್ನು ಬಿಡಲಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಅಕ್ಕನ ಮೊಣಕಾಲಿನ ಚಿಂತೆ.

ಅಕ್ಕ ನೀಲವ್ವ ತಿಕೋಟಾದವಳು. ಯುಗಾದಿ ಹತ್ತಿರ ಬಂತೆಂದರೆ ತಿಕೋಟಾ, ಬಬಲೇಶ್ವರದ ಕಡೆಯ ಜನ ಶ್ರೀಶೈಲಕ್ಕೆ ನಡೆದೇ ಹೊರಡುತ್ತಾರೆ. ಅಲ್ಲಿಯ ತಾಯಿ ನಮ್ಮ ನಾಡಿನ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂದು ನಮ್ಮವರ ನಂಬಿಕೆ. ಹಬ್ಬಕ್ಕೆ ಮಗಳಿಗೆ ತವರಿನ ಉಡಿ ಮುಟ್ಟಬೇಕಲ್ಲ: ಇಳಕಲ್ ಸೀರೆ, ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ. ಅಕ್ಕನ ಓಣಿಯವರ ಉಡಿಗಂಟು ಹೊರುವುದು ಅಕ್ಕನೇ. ಆ ಓಣಿಯಲ್ಲೊಂದು ಕಟ್ಟಳೆ ಇದೆ. ಬೆಟ್ಟದ ತುದಿಯಲ್ಲಿರುವ ಕೈಲಾಸ ಬಾಗಿಲನ್ನು ಯಾರು ಗಂಟು ಹೊತ್ತು ದಾಟುತ್ತಾರೋ, ಮುಂದಿನ ವರ್ಷ ಅದನ್ನು ಊರಿನಿಂದ ಹೊರುವ ಹಕ್ಕು ಅವರದೇ. ಈ ಆಸೆಯಿಂದ ಎದುರುಮನೆಯ ಗಂಗವ್ವ ವರ್ಷಗಳಿಂದ ಅಕ್ಕನ ಬೆನ್ನಿಗೇ ನಡೆಯುತ್ತಿದ್ದಾಳೆ.

ದಾರಿಯಲ್ಲಿ ಅಕ್ಕನ ಕಾಲು ಊದಿದೆ ಎಂಬ ಸುದ್ದಿ ಬಂದಾಗ ಅವಳ ಮಗ ಬಸು ನನಗೆ ಫೋನ್ ಮಾಡಿದ. "ಮಾಮಾ, ದ್ರಾಕ್ಷಿ ಒಣಗಾಕ ಹಾಕೇನಿ, ಬಿಟ್ಟ ಬರಾಕ ಬರಂಗಿಲ್ಲ. ನೀವರ ಹೋಗ್ರಿ. ಅವ್ವನ್ನ ಗುಡ್ಡಾ ಹತ್ತಾಕ ಬಿಡಬ್ಯಾಡ್ರಿ, ಬಸ್ಸಿನ್ಯಾಗ ಸುತ್ತ ಹಾಕಿ ಕರಕೊಂಡ ಹೋಗ್ರಿ."

ಬಸ್ಸು ಬದಲಿಸುತ್ತ, ಕಾಡು ಶುರುವಾಗುವ ವೆಂಕಟಾಪುರಕ್ಕೆ ಹೋಗಿ ಗುಂಪನ್ನು ಸೇರಿಕೊಂಡೆ. ಅಕ್ಕ ಬೇವಿನ ನೆರಳಲ್ಲಿ ರೊಟ್ಟಿ ಮುರಿಯುತ್ತ ಕುಳಿತಿದ್ದಳು.

"ಬಸ್ಯಾ ಕಳಸ್ಯಾನ, ಹೌದಲ್ಲೋ?" ಎಂದಳು. "ಬಂದದ್ದ ಛಲೋ ಆತು ತಮ್ಮಾ. ಆ ನೀರಿನ ಕ್ಯಾನ್ ಎತ್ಕೋ."

ನಾನು ಹೋದ ಕೆಲಸ ಅಲ್ಲಿಗೆ ಮುಗಿಯಿತು. ಕ್ಯಾನ್ ಎತ್ತಿಕೊಂಡು ಹಿಂದೆ ನಡೆದೆ.

ಮರುದಿನ ಮುಂಜಾನೆ, ಕಾಡಿನೊಳಗೆ ರಾತ್ರಿ ತಂಗಿದ್ದ ಪೆಚ್ಚೆರುವಿನಿಂದ ಹೊರಟೆವು. ಎರಡೂ ಕಡೆ ಒಣ ಬಿದಿರು, ಕಾಲಡಿ ಬರೀ ಕಲ್ಲು. ದಾರಿ ಅಗಲವಾಗಿದ್ದರೂ ಎಲ್ಲರೂ ಒಂದೇ ಸಾಲಿನ ಕಲ್ಲುಗಳ ಮೇಲೆ ಕಾಲಿಡುತ್ತಿದ್ದರು. ಯಾಕಿರಬಹುದೆಂದು ಬಗ್ಗಿ ಮುಟ್ಟಿ ನೋಡಿದೆ. ಹಿಂದೆ ಹೋದವರ ಪಾದಗಳಿಂದಲೇ ಆ ಕಲ್ಲುಗಳು ಬೀಸುಕಲ್ಲಿನ ಹಾಗೆ ನುಣ್ಣಗಾಗಿದ್ದವು. ಬರಿಗಾಲಿನವರಿಗೆ ಅವು ಹಿತ. ನನ್ನ ಹೊಸ ಬೂಟು ಮಾತ್ರ ಅವುಗಳ ಮೇಲೆಯೇ ಜಾರುತ್ತಿತ್ತು. ಅಲ್ಲಲ್ಲಿ ಮರದ ಬುಡದಲ್ಲಿ ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಸ್ವಂತ ಮನೆ ಆಗಲೆಂದು ಬೇಡಿಕೊಂಡವರು ಹಾಗೆ ಕಟ್ಟುತ್ತಾರಂತೆ. ಒಬ್ಬರು ಐದಂತಸ್ತು ಎಬ್ಬಿಸಿದ್ದರು. ಅವರ ಸಾಲದ ಕಂತು ನೆನೆದು ನನಗೇ ಎದೆ ಹಾರಿತು.

ಬಿಸಿಲೇರುವ ಹೊತ್ತಿಗೆ ಒಂದು ಚಪ್ಪರ ಸಿಕ್ಕಿತು. ಬಬಲೇಶ್ವರದ ಬಟ್ಟೆ ವ್ಯಾಪಾರಿಯೊಬ್ಬರು ಅಂಗಡಿ ಮುಚ್ಚಿ ಬಂದು, ಬಿಸಿನೀರಿನಲ್ಲಿ ಯಾತ್ರಿಕರ ಕಾಲು ತೊಳೆದು ಎಣ್ಣೆ ತಿಕ್ಕುತ್ತಿದ್ದರು. ಈ ದಾರಿಯಲ್ಲಿ ಗಂಡಸರೆಲ್ಲ ಮಲ್ಲಯ್ಯಗಳೇ.

"ಬರ್ರಿ ಮಲ್ಲಯ್ಯಾ, ಪಾದಾ ಕೊಡ್ರಿ."

"ನಾ ನಿನ್ನೆಯಿಂದ ಅಷ್ಟ ನಡ್ಯಾಕತ್ತೇನ್ರಿ," ಎಂದು ನಾಚಿದೆ.

"ಹಂಗಾದ್ರ ಅವು ಕಾಲ ಅಲ್ಲೇನ್ರಿ? ಕೊಡ್ರಿ ಸುಮ್ಕ."

ನನಗಿಂತ ಹಿರಿಯರು ನನ್ನ ಬೂಟಿನ ದಾರ ಬಿಚ್ಚುವಾಗ ಎತ್ತ ನೋಡುವುದೆಂದು ತಿಳಿಯದೆ ಮರದ ಮೇಲಿನ ಮಂಗಗಳನ್ನು ನೋಡಿದೆ. ಪಕ್ಕದಲ್ಲಿ ಅಕ್ಕ ಸೀರೆ ಸ್ವಲ್ಪ ಸರಿಸಿದಳು. ಮೊಣಕಾಲು ಬೆಲ್ಲದ ಪೆಂಟೆಯಂತೆ ಉಬ್ಬಿತ್ತು.

"ನೀಲಕ್ಕಾ, ಗಂಟ ನನ್ನ ಕಡೆ ಕೊಡ ಬೇ," ಎಂದಳು ಗಂಗವ್ವ. "ನಿನಗೂ ಹಗೂರ ಆಗ್ತೈತಿ."

"ಭಾರ ಆದ್ರ ನಾನ ಹೇಳ್ತೇನಿ. ನಿನ್ನ ಕೈ ಯಾಕ ತುರಸಾಕತ್ತಾವ?"

ಮಧ್ಯಾಹ್ನ ಭೀಮನಕೊಳ್ಳ ಬಂತು. ದಾರಿ ನೇರ ಕಣಿವೆಗೆ ಇಳಿಯುತ್ತದೆ. ತಳದಲ್ಲಿ ತಣ್ಣನೆಯ ನೀರು, ಅದರಾಚೆ ಗೋಡೆಯಂತೆ ನಿಂತ ಬೆಟ್ಟ. ಅದರ ಮೈಮೇಲೆ ಹಳೆಯ ಕಲ್ಲಿನ ಮೆಟ್ಟಿಲುಗಳು, ಒಂದೊಂದೂ ಮೊಣಕಾಲೆತ್ತರ. ಅರ್ಧ ಹತ್ತುವಷ್ಟರಲ್ಲಿ ಅಕ್ಕ ಕುಳಿತಳು. ಏಳಲು ನೋಡಿದಳು, ಆಗಲಿಲ್ಲ. ಹಿಂದಕ್ಕೆ ಹೋಗುವುದೆಂದರೆ ಕಾಡಿನಲ್ಲಿ ಎರಡು ದಿನದ ನಡಿಗೆ. ಗಂಗವ್ವ ಈಗ ಕೆಣಕಲಿಲ್ಲ, ಸುಮ್ಮನೆ ಎರಡೂ ಕೈ ಚಾಚಿದಳು. ಅಕ್ಕ ನನ್ನನ್ನು ನೋಡಿದಳು.

ನಾನು ಗಂಟನ್ನು ಎತ್ತಿ ನನ್ನ ತಲೆಯ ಮೇಲಿಟ್ಟುಕೊಂಡೆ.

"ಬಾಗಲಾ ಬರೂತನಾ ಅಷ್ಟ," ಎಂದಳು ಅಕ್ಕ. "ದಾಟೂ ಮುಂಚೆ ನನಗ ಕೊಡಬೇಕ ನೋಡ."

ಕೈ ಬಿಡುವಾದದ್ದೇ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಊರಿ ಎದ್ದಳು. ಇಷ್ಟು ದಾರಿ ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದೇ ಕೈಯ ಮೇಲೆ ಅವಳು ಬಂದಿದ್ದಳು.

ತಲೆಯ ಮೇಲೆ ಹೊರೆಯಿದ್ದರೆ ಕೆಳಗೆ ನೋಡಲು ಬರುವುದಿಲ್ಲ. ಎಲ್ಲಿ ಬಿದ್ದೇನು ಎಂದು ನೋಡಿಕೊಂಡೇ ಇಷ್ಟು ವರ್ಷ ಬದುಕಿದ ನನಗೆ ಇದು ಹೊಸತು. ಕಣ್ಣಿಗೆ ಬೀಳುವುದು ಎದುರಿನ ಮೆಟ್ಟಿಲು, ಬಂಡೆಯ ಸಂದಿನಲ್ಲಿ ಬೇರು ಬಿಟ್ಟ ಗಿಡ, ಮೇಲೆ ಒಂದು ತುಂಡು ಆಕಾಶ. ಕಲ್ಲಿನ ಮೇಲೆ ಯಾರೋ ಕೆತ್ತಿದ ಪಾದಗಳಿದ್ದವು. ಯಾರ ಪಾದವೋ, ಮುಂದಿನ ಮೆಟ್ಟಿಲಲ್ಲೂ ಇದೆಯೋ ಎಂದು ಹುಡುಕುತ್ತ ಹತ್ತಿದೆ. ಗುರುತಿಲ್ಲದವರು ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿನಿಂದ "ಉಘೇ ಮಲ್ಲಯ್ಯಾ" ಎಂದು ಕೂಗು ಎದ್ದಾಗಲೆಲ್ಲ ಕಾಲು ತಾನೇ ಮುಂದಾಗುತ್ತಿತ್ತು. ಒಮ್ಮೆಲೇ ತಂಪು ಗಾಳಿ ಬೀಸಿತು, ನೆಲ ಸಮವಾಯಿತು, ಯಾರೋ ಕೈಗೆ ಮಜ್ಜಿಗೆಯ ಲೋಟ ಕೊಟ್ಟರು. ಒಂದೇ ಉಸಿರಿಗೆ ಕುಡಿದು ಕೇಳಿದೆ:

"ಕೈಲಾಸ ಬಾಗಿಲು ಇನ್ನೂ ಎಷ್ಟು ದೂರ್ರಿ?"

ಆತ ನನ್ನ ಬೆನ್ನ ಹಿಂದೆ ಬೆರಳು ತೋರಿಸಿದ.

ತಿರುಗಿದೆ. ಕಲ್ಲಿನ ಬಾಗಿಲಿನಾಚೆ, ಕೆಲವೇ ಮೆಟ್ಟಿಲು ಕೆಳಗೆ, ಅಕ್ಕ ತೊಡೆಗೆ ಕೈಯೂರಿ ಹತ್ತುತ್ತಿದ್ದಳು. ಗಾಬರಿಯಿಂದ ವಾಪಸು ಇಳಿಯಹೋದೆ. ಗಂಗವ್ವ ಕೂಗಿದಳು: "ಏಯ್ ಅಣ್ಣಾ, ನಿಂದರ್ರಿ! ದಾಟಿದ ಉಡಿ ಹಿಂದಕ್ಕ ಬರಂಗಿಲ್ಲ!"

ಅಕ್ಕ ಬಂದಳು. ಹೊಸ್ತಿಲು ಮುಟ್ಟಿ ನಮಸ್ಕರಿಸಿ, ದಾಟಿ, ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಗಂಡಸ ಹೊತ್ತರ ನಡೀತೈತೇನ?" ಎಂದು ಗಂಗವ್ವ ಕೊನೆಯ ದಾವೆ ಹೂಡಿದಳು.

"ತವರಿಂದ ಉಡಿ ಅಣ್ಣ ತಮ್ಮ ತರಲಾರದ ಮತ್ಯಾರ ತರ್ತಾರ?" ಎಂದಳು ಅಕ್ಕ. ದನಿ ಮಾತ್ರ ಸಣ್ಣದಾಗಿತ್ತು.

ಅಷ್ಟರಲ್ಲಿ ಸಿಗ್ನಲ್ ಸಿಕ್ಕು ಬಸುವಿನ ಫೋನ್ ಬಂತು. ಅವ್ವ ಹತ್ತಿದಳೆಂದೆ. ಗಂಟು ನಾನು ದಾಟಿಸಿಬಿಟ್ಟೆನೆಂದೂ, ಮುಂದಿನ ವರ್ಷ ತಿಕೋಟಾದಿಂದಲೇ ನಡೆಯಬೇಕಾಗಿದೆ ಎಂದೂ ಹೇಳಿದೆ. ಅವನು ಜೋರಾಗಿ ನಕ್ಕ. "ಛಲೋ ಆತ ಬಿಡ್ರಿ ಮಾಮಾ. ಇನ್ನ ಅವ್ವ ನಡಿಯೂದ ತಪ್ಪಿತು."

ಅಕ್ಕ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಹೆಂಗ ತಪ್ಪತೈತೋ? ಬಾಗಲಾ ದಾಟಿ ಬಾಗಲಾ ಎಲ್ಲೈತಿ ಅಂತ ಕೇಳಾಂವ ಇವ. ಇವನ್ನ ಒಬ್ಬನ್ನ ಕಳಸಾಕ ಬರ್ತೈತೇನ? ನಾ ಸಂಗಾಟ ಹೋಗಬೇಕ."