ಸಾಲಿನ ನಾಲ್ಕನೆಯವನು ಮಿರ್ಚಿ ಬಸ್ಸಪ್ಪ

ಬಸ್ಸಪ್ಪನ ಪರಿಚಯವಾದ ದಿನವೇ ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಇವನೇ ಕಳ್ಳ ಎಂದೆ. ಬೇರೆ ಯಾರ ಪರಿಚಯವೂ ನನಗೆ ಹೀಗೆ ಆದದ್ದಿಲ್ಲ.

ಆದದ್ದು ಇಷ್ಟು. ಮಸ್ಕಿಯ ಸಂತೆಯಲ್ಲಿ ನಮ್ಮ ಸಂತೆಕಲ್ಲೂರಿನ ನೆರೆಮನೆಯ ಭಾಗ್ಯಳ ಕೊರಳಿನ ಸರವನ್ನು ಬೈಕಿನವನೊಬ್ಬ ಹಿಂದಿನಿಂದ ಬಂದು ಹರಿದುಕೊಂಡು ಹೋದ. ಅವಳಿಗೆ ಮುಖ ಕಾಣಲಿಲ್ಲ. ನಾನು ಅವಳಿಂದ ಮೂರು ಹೆಜ್ಜೆ ದೂರದಲ್ಲಿದ್ದೆ. ಮುಖ ನೋಡಿದೆಯಾ ಎಂದು ಪೊಲೀಸರು ಕೇಳಿದರು. ನೋಡಿದ್ದೇನೆ ಎಂದೆ. ಇಪ್ಪತ್ತಾರನೆಯ ದಿನಕ್ಕೆ ನನ್ನನ್ನು ಜೈಲಿನ ಅಂಗಳಕ್ಕೆ ಕರೆಸಿದರು. ಅಲ್ಲಿ ಏಳು ಗಂಡಸರು ಸಾಲಾಗಿ ನಿಂತಿದ್ದರು. ಪೊಲೀಸರು ಒಬ್ಬರೂ ಒಳಗಿರಲಿಲ್ಲ. ಆ ಹೊತ್ತಿನಲ್ಲಿ ಅವರು ಇರಬಾರದಂತೆ. ತಹಶೀಲ್ದಾರರು ಮೇಜಿನ ಹಿಂದೆ ಕುಳಿತಿದ್ದರು, ಪಕ್ಕದಲ್ಲಿ ಇಬ್ಬರು ಪಂಚರು.

"ಯವ್ವಾ, ನೀವು ನೋಡಿದವ ಇವರೊಳಗ ಇರಬಹುದು, ಇಲ್ಲದೇನೂ ಇರಬಹುದು. ಇದ್ದರ ಮುಟ್ಟಿ ತೋರ್ಸ್ರಿ. ಅವಸರ ಇಲ್ಲ," ಎಂದರು.

"ಮುಟ್ಟಬೇಕೇನ್ರೀ? ಬಟ್ಟು ಮಾಡಿ ತೋರ್ಸಿದ್ರ ಆಗಂಗಿಲ್ಲೇನು?"

"ಬಟ್ಟು ಯಾರ ಕಡಿ ಹೋಗಿತ್ತು ಅಂತ ಆಮ್ಯಾಲ ವಕೀಲ್ರು ಜಗಳಾಡ್ತಾರ. ಮುಟ್ರಿ."

ಈ ಕಡೆಯಿಂದ ಆ ಕಡೆಗೆ ಮೂರು ಸಲ ನಡೆದೆ. ನಾಲ್ಕನೆಯವನ ಮುಂದೆ ಮೂರು ಸಲವೂ ಕಾಲು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಬಾಚಿದ ಮೀಸೆ. ಈ ಮುಖವನ್ನು ನಾನು ನೋಡಿದ್ದೇನೆ, ಮಸ್ಕಿಯಲ್ಲಿಯೇ, ಅದೇ ದಿನವೇ ನೋಡಿದ್ದೇನೆ. ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಪರಗಂಡಸರನ್ನು ಮುಟ್ಟಿದವಳಲ್ಲ. ಸೆರಗನ್ನು ಕೈಗೆ ಸುತ್ತಿಕೊಂಡು ಅವನ ಹೆಗಲ ಮೇಲಿಟ್ಟೆ.

"ಯವ್ವಾ! ನಾ ಡಮ್ಮಿ ಅದೀನಿ!" ಎಂದು ಅವನು ಕೂಗಿಕೊಂಡ.

"ಡಮ್ಮಿ ಮಾತಾಡಬಾರದು," ಎಂದು ತಹಶೀಲ್ದಾರರು ಗದರಿಸಿ ಬರೆಯತೊಡಗಿದರು.

"ಬರೀಬ್ಯಾಡ್ರಿ ಸಾಹೇಬ್ರ! ಮುದುಕಿ ತಪ್ಪಿ ಮುಟ್ಯಾಳ!"

"ಯಾರನ್ನ ಮುಟ್ಯಾರೋ ಅವರ ಹೆಸರು ಬರೀಬೇಕು ಬಸ್ಸಪ್ಪ. ರೂಲು ಅದ."

ಆ ಡಮ್ಮಿಯೇ ಬಸ್ಸಪ್ಪ, ಮಿರ್ಚಿ ಬಜ್ಜಿ ಮಾರುವವನು. ಆರೋಪಿಯೊಬ್ಬನನ್ನೇ ನಿಲ್ಲಿಸಿ ಇವನೇನಾ ಎಂದು ಕೇಳಿದರೆ ಯಾರಾದರೂ ಹೂಂ ಅಂದುಬಿಡುತ್ತಾರೆ. ಅದಕ್ಕೇ ಅವನ ಹಾಗೆ ಕಾಣುವ ಆರು ಜನ ಡಮ್ಮಿಗಳನ್ನು ಜೊತೆಗೆ ನಿಲ್ಲಿಸುತ್ತಾರೆ. ಇದಕ್ಕೆ ಗುರುತು ಹಿಡಿಯುವ ಪರೇಡು ಎನ್ನುತ್ತಾರೆ. ಬಸ್ಸಪ್ಪನ ಎತ್ತರ, ಬಣ್ಣ, ಮೀಸೆ ಎಲ್ಲವೂ ನಡುಮಟ್ಟದ್ದು, ಎಂಥ ಆರೋಪಿಯ ಪಕ್ಕಕ್ಕೂ ಸಲ್ಲುವಂಥದ್ದು. ಹರೆಯದಲ್ಲಿ ಹಟ್ಟಿಯ ಚಿನ್ನದ ಗಣಿಗೆ ಕೆಲಸಕ್ಕೆ ಹೋಗಿ, ಒಂದೇ ಪಾಳಿಗೆ ಮೇಲೆ ಬಂದು, ಕೆಳಗೆ ಹರಟೆ ಹೊಡೆಯಲು ಯಾರೂ ಇಲ್ಲವೆಂದು ಗೇಟಿನ ಹೊರಗೆ ಬಂಡಿ ಹಾಕಿದವನು. ಇಪ್ಪತ್ತೆರಡು ವರ್ಷದಿಂದ ಅದೇ ಬಂಡಿಯನ್ನು ಸಂತೆಯಿಂದ ಸಂತೆಗೆ ಒಯ್ಯುತ್ತಾನೆ. ಪರೇಡಿಗೆ ಕರೆದರೆ ಮಾತ್ರ ಬಂಡಿ ಮುಚ್ಚುತ್ತಾನೆ. ಅಲ್ಲಿ ಸಿಗುವುದು ಒಂದು ಕಪ್ ಚಹಾ ಅಷ್ಟೇ.

"ಲಗ್ನಕ್ಕ ಹೋಗಾಕ ಇಸ್ತ್ರಿ ಅಂಗಿ ಬ್ಯಾಡ ಅಂತಾನ, ಕಳ್ಳರ ಮಗ್ಗಲಕ ನಿಂದ್ರಾಕ ಬೇಕಂತಾನ," ಎಂದು ಅವನ ಹೆಂಡತಿ ಗಂಗಾ ಆಮೇಲೊಮ್ಮೆ ನನಗೆ ಹೇಳಿದಳು.

ಅವನಿಗೆ ಅದರಲ್ಲೊಂದು ಹೆಮ್ಮೆಯಿತ್ತು. "ಹನ್ನೊಂದು ಸಲ ನಿಂತೀನಿ. ಒಬ್ರೂ ಮುಟ್ಟಿಲ್ಲ. ಮುಖದಾಗ ಸಚ್ಚಾಯಿ ಐತಿ," ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಸುತ್ತ ಮೂರು ತಾಲೂಕಿನವರು ಅವನ ಮಿರ್ಚಿ ತಿಂದವರು, ಅವನನ್ನು ಯಾರು ಮುಟ್ಟುತ್ತಾರೆ? ಈ ಮಾತು ಅವನಿಗಾಗಲಿ, ಅವನನ್ನು ಕರೆಯುತ್ತಿದ್ದವರಿಗಾಗಲಿ ಹೊಳೆದಿರಲಿಲ್ಲ. ಹನ್ನೆರಡನೆಯ ಸಲ ನಾನು ಸಿಕ್ಕೆ.

ಸುದ್ದಿ ಬಂಡಿಗಿಂತ ಮೊದಲು ಸಂತೆ ಮುಟ್ಟಿತು. "ಬಸ್ಸಪ್ಪ, ಸರ ಎಲ್ಲಿಟ್ಟಿದಿಲೇ? ಹಿಟ್ಟಿನಾಗೇನು?" ಎಂದು ಎಲ್ಲರೂ ಕೆಣಕಿದರು. ಅವನೂ ನಕ್ಕ. ಆದರೆ ಅವನ ಮಗಳು ದೀಪಾಳಿಗೆ ಸಿಂಧನೂರಿನ ಸಂಬಂಧವೊಂದು ಕೂಡಿಬರುತ್ತಿತ್ತು. ಬೀಗರಾಗಬೇಕಿದ್ದ ಪಂಪಾಪತಿ ಮಾತ್ರ ನಗಲಿಲ್ಲ. ಕೋರ್ಟಿನಲ್ಲಿ ಆ ಮುದುಕಿ ಏನು ಹೇಳುತ್ತಾಳೋ ಕೇಳಿಯೇ ನಿಶ್ಚಯದ ಎಲೆ ಅಡಿಕೆ ಎಂದುಬಿಟ್ಟ.

ಒಂದು ಮಧ್ಯಾಹ್ನ ಬಸ್ಸಪ್ಪ ಮಿರ್ಚಿಯ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದ.

"ಯವ್ವಾ, ಪರೇಡಿನ ಕಾಗದ ಬರೀ ಆಸರಕ್ಕಂತ. ಕೋರ್ಟಿನಾಗ ನೀ ಏನ್ ಹೇಳ್ತಿ ಅದ ಮುಖ್ಯ ಅಂತ. ಆ ಆನಂದಕುಮಾರ ಕಟಕಟ್ಯಾಗ ನಿಂತಿರ್ತಾನ. ಇವನ ಅಂದುಬಿಡು. ನನ್ನ ಹೆಸರು ತೊಳದು ಹೋಗ್ತೈತಿ."

ಆನಂದಕುಮಾರನೆಂದರೆ ಆ ಸಾಲಿನಲ್ಲಿ ಬಸ್ಸಪ್ಪನ ಬಲಕ್ಕೆ ನಿಂತಿದ್ದ ನಿಜವಾದ ಆರೋಪಿ. ಗೋಡೆಗೆ ಬಣ್ಣ ಹಚ್ಚುವವನು. ನಾಲ್ಕು ತಿಂಗಳಿಂದ ಜೈಲಿನಲ್ಲಿದ್ದ.

"ಅವ ಹೌದೋ ಅಲ್ಲೋ ನನಗ ಗೊತ್ತಿಲ್ಲಲ್ಲೋ ಬಸ್ಸಪ್ಪ."

"ಸುಮ್ಮಸುಮ್ಮನ ಹಿಡೀತಾರೇನವ್ವಾ? ಏನರ ಇದ್ದೇ ಇರ್ತೈತಿ."

"ನಾನೂ ನಿನ್ನ ಹಿಡದಿದ್ದೆ."

ಅವನು ಪೊಟ್ಟಣ ಬಿಚ್ಚಿದ. ಎಡಗೈಯಿಂದ ಒಂದು ಮಿರ್ಚಿ ತೆಗೆದು ನನ್ನ ಮುಂದೆ ಹಿಡಿದ. ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಮೂರು ಬಿಳಿ ಕಲೆಗಳಿದ್ದವು. ಆ ಕಲೆಗಳನ್ನು ನೋಡಿದ್ದೇ ತಡ, ಮಸ್ಕಿಯ ಸಂತೆ ಕಣ್ಣ ಮುಂದೆ ಬಂತು.

"ಕುಂದ್ರು," ಎಂದೆ. "ಅವತ್ತು ನೀ ಎಡಗೈಲೆ ಮಿರ್ಚಿ ಅದ್ದಾಕತ್ತಿದ್ದಿ."

"ಎಡಚ ಅದೀನಲ್ಲವ್ವಾ."

"ಎರಡು ಕೊಟ್ಟಿ. ನಾ ಮುಖ ಎತ್ತಿ, ಇನ್ನೊಂದು ಹಾಕೋ ಅಂದೆ. ನೀ ಎರಡೂ ಕೈ ಹಿಟ್ಟಿನಾಗ ಇಟ್ಟಿ. ಆವಾಗ ಭಾಗ್ಯ ಚೀರಿದ್ಲು. ನಾ ತಿರುಗಿದೆ."

"ಹಂಗಾರ ಕಳ್ಳನ ಮುಖ?"

"ನೋಡಿಲ್ಲ. ಬೆನ್ನು ನೋಡೀನಿ. ನೀಲಿ ಅಂಗಿ."

"ಅಂದ್ರ ನೀ ಮಿರ್ಚಿ ಕೊಟ್ಟವನ್ನ ಹಿಡದಿ," ಎಂದ. ಕೈಯಲ್ಲಿದ್ದ ಮಿರ್ಚಿಯನ್ನು ತಾನೇ ತಿಂದ.

ಲಿಂಗಸುಗೂರಿನ ಕೋರ್ಟಿಗೆ ಪಂಪಾಪತಿಯೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಸರ್ಕಾರಿ ವಕೀಲರು ಕಟಕಟೆಯಲ್ಲಿದ್ದ ಆನಂದಕುಮಾರನ ಕಡೆ ಕೈ ಮಾಡಿ, "ಇವನೇ ಹೌದೋ?" ಎಂದರು. ಅಲ್ಲಿ ನಿಂತವನು ಅವನೊಬ್ಬನೇ. ಹೌದು ಅನ್ನುವುದಕ್ಕೆ ಕಣ್ಣೂ ಬೇಕಿರಲಿಲ್ಲ.

"ಗೊತ್ತಿಲ್ರೀ. ನಾ ಕಳ್ಳನ ಮುಖ ನೋಡಿಲ್ಲ."

"ನೋಡಿದ್ದೇನೆ ಅಂತ ಪೊಲೀಸರ ಮುಂದೆ ಹೇಳಿದ್ದೀರಿ."

"ಹೇಳೀನ್ರೀ. ಆವಾಗ ಅದ ಖರೇ ಅಂತ ತಿಳಕೊಂಡಿದ್ದೆ."

ಆನಂದಕುಮಾರನ ವಕೀಲರು ಎದ್ದರು. "ಹಾಗಾದರೆ ಪರೇಡಿನಲ್ಲಿ ನೀವು ಮುಟ್ಟಿದ ಬಸ್ಸಪ್ಪನೇ ಕಳ್ಳ ಅನ್ನೋಣವೇ?"

ಬಾಗಿಲ ಬಳಿ ನಿಂತಿದ್ದ ಬಸ್ಸಪ್ಪನ ಮೀಸೆ ಅದುರಿದ್ದು ನಾನು ನಿಂತಲ್ಲಿಂದಲೇ ಕಾಣಿಸಿತು.

"ಅಲ್ರೀ. ಸರ ಹೋದಾಗ ಅವನ ಎರಡೂ ಕೈ ಕಡ್ಲಿ ಹಿಟ್ಟಿನಾಗ ಇದ್ವು. ನನಗ ಮಿರ್ಚಿ ಮಾಡಾಕತ್ತಿದ್ದ. ಆ ಮುಖ ನನ್ನ ತಲ್ಯಾಗ ಕುಂತಿತ್ತು, ಅದನ್ನ ತಂದು ಕಳ್ಳಗ ಹಚ್ಚೀನಿ. ತಪ್ಪು ನಂದು."

ಜಡ್ಜಮ್ಮನವರು ಪೆನ್ನು ನಿಲ್ಲಿಸಿ, "ಮೂರನೆಯ ಮಿರ್ಚಿ ಕೊಟ್ಟನೋ ಇಲ್ಲವೋ?" ಎಂದು ಕೇಳಿದರು.

"ಇಲ್ರೀ. ಬಾಕಿ ಐತಿ."

ಎಲ್ಲರೂ ನಕ್ಕರು, ಪಂಪಾಪತಿಯೂ ನಕ್ಕ. ಆನಂದಕುಮಾರನೊಬ್ಬನೇ ನಗಲಿಲ್ಲ, ಕಟಕಟೆಯ ಕಟ್ಟಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದ. ಅವನ ಮೇಲೆ ಬೇರೆ ಸಾಕ್ಷಿ ಇಲ್ಲದ್ದರಿಂದ ಬಿಡುಗಡೆಯಾಯಿತು. ಅವನು ಕದ್ದಿರಲಿಲ್ಲವೆಂದು ನಾನು ಹೇಳಲಾರೆ, ಕದ್ದನೆಂದೂ ಹೇಳಲಾರೆ.

ಭಾಗ್ಯಳ ಸರ ಸಿಗಲಿಲ್ಲ. "ಇಷ್ಟು ಬಿಡಿಸಿ ಹೇಳಾಕಿ, ಮೊದಲ ದಿನ ಯಾಕ ಹೇಳಲಿಲ್ಲಬೇ?" ಎಂದು ಕೇಳಿ, ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು.

ದೀಪಾಳ ಲಗ್ನ ಸಿಂಧನೂರಿನಲ್ಲಿ ಆಯಿತು. ಬಸ್ಸಪ್ಪ ತೀರ್ಪಿನ ಒಂದು ಹಾಳೆಗೆ ಪ್ಲಾಸ್ಟಿಕ್ ಹಚ್ಚಿಸಿ ಬಂಡಿಗೆ ತೂಗುಹಾಕಿದ. ಘಟನೆಯ ಹೊತ್ತಿಗೆ ಬಸ್ಸಪ್ಪ ಎಂಬವರು ಮಿರ್ಚಿ ಕರಿಯುತ್ತಿದ್ದರು ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದಾನೆ. ಓದು ಬಾರದ ಗಿರಾಕಿಗಳಿಗೆ ತಾನೇ ಓದಿ ಹೇಳುತ್ತಾನೆ. ಪರೇಡಿಗೆ ಮಾತ್ರ ಅವನನ್ನು ಮತ್ತೆ ಯಾರೂ ಕರೆದಿಲ್ಲ.

ಹೋದ ತಿಂಗಳು ಮಸ್ಕಿಯಲ್ಲಿ ಅವನ ಬಂಡಿಯ ಮುಂದೆ ನಿಂತಿದ್ದೆ. ಗಿರಾಕಿಗಳು ಚದುರಿದ ಮೇಲೆ ಕೈ ಒರೆಸಿಕೊಂಡು ಈಚೆ ಬಂದ. ಅಪರೂಪಕ್ಕೆ ದನಿ ತಗ್ಗಿಸಿ ಕೇಳಿದ:

"ಯವ್ವಾ, ಅವತ್ತು ನನ್ನ ಕೈ ಹಿಟ್ಟಿನಾಗ ಇರದಿದ್ರ, ಕೋರ್ಟಿನಾಗ ನನ್ನ ಏನಂತಿದ್ದಿ?"