ಮಾವನ ರೀಲು ಬಿಚ್ಚಿದ ದಿನ

ನಾನು ಮಂಡ್ಯಕ್ಕೆ ಸೊಸೆಯಾಗಿ ಬಂದ ಎರಡನೆಯ ವರ್ಷ. ಯುದ್ಧ ನಡೆಯುತ್ತಿದ್ದ ಕಾಲ. ನನ್ನ ಗಂಡನಿಗೆ ವಿ.ಸಿ. ಫಾರಂನಲ್ಲಿ ಭತ್ತದ ತಾಕುಗಳನ್ನು ನೋಡಿಕೊಳ್ಳುವ ಕೆಲಸ. ನಾಲೆ ಮೇಸ್ತ್ರಿಯಾಗಿದ್ದ ಮಾವ ಕೆಲಸ ಬಿಟ್ಟು ಮನೆಯಲ್ಲಿದ್ದರು. ಮೈ ಮನೆಯಲ್ಲಿ, ಮನಸ್ಸು ಮಾತ್ರ ಮುತ್ತತ್ತಿಯ ಹೊಳೆಯಲ್ಲಿ.

ಅವರಿಗೆ ಮೀನು ಹಿಡಿಯುವ ಹುಚ್ಚು. ಇಂಗ್ಲೆಂಡಿಗೆ ಹಿಂತಿರುಗಿದ ಇಂಜಿನಿಯರ್ ದೊರೆಯೊಬ್ಬರು ತಮ್ಮ ಗಾಳದ ಕೋಲನ್ನೂ ಅದಕ್ಕೆ ಕಟ್ಟುವ ರೀಲನ್ನೂ ಅವರಿಗೆ ಕೊಟ್ಟು ಹೋಗಿದ್ದರು. ರೀಲು ಕಾಫಿ ಲೋಟದಷ್ಟು ಗಾತ್ರದ ಯಂತ್ರ. ಹಿಡಿ ತಿರುಗಿಸಿದರೆ ಒಂದು ಕೊಕ್ಕೆ ದಾರವನ್ನು ಹಿಡಿದು ಉಂಡೆಗೆ ಸುತ್ತುತ್ತಿತ್ತು. ಆ ವರ್ಷ ಅದು ಕೆಟ್ಟಿತು. ಹಿಡಿ ಅರ್ಧ ಸುತ್ತಿಗೇ ಕರಕರ ಎಂದು ನಿಲ್ಲುತ್ತಿತ್ತು, ಕೊಕ್ಕೆ ಜೋತುಬಿದ್ದಿತ್ತು. ಪೇಟೆಯ ಗಡಿಯಾರ ರಿಪೇರಿಯವರು, ಸಾಮಾನು ಹಡಗಿನಲ್ಲಿ ಬರಬೇಕು, ಯುದ್ಧ ಮುಗಿಯಲಿ ಎಂದು ವಾಪಸು ಕೊಟ್ಟರು. ಮಾವ ವಾರವಿಡೀ ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ಮುದ್ದೆ ಕೂಡ ಅರ್ಧವೇ ಉಣ್ಣುತ್ತಿದ್ದರು.

ಮದ್ದೂರಿನಲ್ಲಿ ನನ್ನಪ್ಪನದು ದರ್ಜಿ ಅಂಗಡಿ. ಹೊಲಿಗೆ ಮಿಷನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಡುವುದು ಮದುವೆಗೆ ಮುಂಚೆ ನನ್ನದೇ ಕೆಲಸವಾಗಿತ್ತು. ಕೊನೆಗೆ ತಡೆಯಲಾರದೆ, "ಇಲ್ಲಿ ಕೊಡಿ ಮಾವ, ನಾನೊಂದ್ಸಲ ಬಿಚ್ಚಿ ನೋಡ್ತೀನಿ" ಎಂದೆ.

"ಇದು ರವಿಕೆ ಒಲಿಯೋ ಮಿಸನ್ನೇನವ್ವ? ದೊರೆ ಕೊಟ್ಟ ಸಾಮಾನು!"

"ದೊರೆ ಕೊಟ್ರೂ ತಿರುಪು ತಿರುಪೇ ಅಲ್ವಾ ಮಾವ?"

ಒಳಗೆ ರಾಗಿ ಕೇರುತ್ತಿದ್ದ ಅತ್ತೆ, "ಕೊಟ್ಬುಡಿ ಅತ್ಲಾಗೆ. ಇನ್ನೇನು ಕೆಡೋಕುಳಿದದೆ ಅದ್ರಲ್ಲಿ!" ಎಂದರು. ಮಾವ ಮಗುವನ್ನು ಕೊಟ್ಟ ಹಾಗೆ ಎರಡೂ ಕೈಯಲ್ಲಿ ಕೊಟ್ಟರು.

ನಡುಮನೆಯಲ್ಲಿ ಬಿಳಿ ಪಂಚೆ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಪಕ್ಕದ ಮುಚ್ಚಳ ತೆಗೆದರೆ ಒಳಗೆ ಹಲಸಿನ ಅಂಟಿನಂತೆ ಗಟ್ಟಿಯಾದ ಕರೀ ಗ್ರೀಸು, ಅದರ ತುಂಬ ಹೊಳೆಯ ಮರಳು. ಕೊಕ್ಕೆಯ ತಿರುಪು ಸಡಿಲಿಸಿದ್ದೇ ತಡ, ಸಣ್ಣ ಸ್ಪ್ರಿಂಗೊಂದು ಟಣ್ಣನೆ ಹಾರಿತು! ಮಾವ, ನಾನು, ಆಗಷ್ಟೇ ಕೆಲಸದಿಂದ ಬಂದ ನನ್ನ ಗಂಡ, ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದೆವು. ಅಷ್ಟರಲ್ಲಿ ಅತ್ತೆ ಮೊರದಿಂದ ಏನನ್ನೋ ಎತ್ತಿ ಹಿಡಿದು, "ಈ ಸಲ ರಾಗಿಗೆ ಕಬ್ಬಿಣದ ಉಳ ಬಿದ್ದದೆ ಕಣಮ್ಮ" ಎಂದರು. ನಕ್ಕು ನಕ್ಕು ಸ್ವಲ್ಪ ಹೊತ್ತು ನನಗೆ ತಿರುಪುಳಿ ಹಿಡಿಯಲು ಆಗಲಿಲ್ಲ.

ಸ್ಪ್ರಿಂಗಿನ ತುದಿ ಮುರಿದಿತ್ತು. ಕೊಕ್ಕೆ ಜೋತುಬಿದ್ದದ್ದು ಅದಕ್ಕೇ. ಇಸ್ತ್ರಿಪೆಟ್ಟಿಗೆಯ ಕೆಂಡದಲ್ಲಿ ತುದಿಯನ್ನಷ್ಟೇ ಕಾಯಿಸಿ, ಇಕ್ಕಳದಿಂದ ಬಗ್ಗಿಸಿ ಹೊಸ ಕೊಂಡಿ ಮಾಡಿದೆ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ದಿನಗಳು. ಅತ್ತೆ ಗೊಣಗುತ್ತಲೇ ಅರ್ಧ ಬಟ್ಟಲು ಕೊಟ್ಟರು. ಹಲ್ಲಿನ ಚಕ್ರಗಳನ್ನು ಅದರಲ್ಲಿ ನೆನೆಸಿ, ಬೇವಿನ ಕಡ್ಡಿಯಿಂದ ಒಂದೊಂದೇ ಹಲ್ಲು ಉಜ್ಜಿದೆ. ದಾರದ ಬಿಗಿ ಹಿಡಿದಿಡುವ, ಉಂಡೆಯ ಕೆಳಗಿನ ತೊಗಲಿನ ಬಿಲ್ಲೆ ಒಣಗಿ ಹಪ್ಪಳವಾಗಿತ್ತು. ಹಳೆಯ ಕೈಚೀಲದಿಂದ ಅಷ್ಟೇ ಅಗಲದ ತೊಗಲು ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಎಲ್ಲ ಜೋಡಿಸಿ ಮುಗಿಸಿದರೆ ಪಂಚೆಯ ಮೇಲೆ ಒಂದು ಹಿತ್ತಾಳೆ ವಾಷರು ಉಳಿದಿತ್ತು. ಇನ್ನೊಂದು ಸಲ ಬಿಚ್ಚಿದೆ.

ಎರಡನೆಯ ಸಲ ಹಿಡಿ ತಿರುಗಿಸಿದಾಗ ಸದ್ದೇ ಇಲ್ಲ, ಬೆಣ್ಣೆಯ ಹಾಗೆ ತಿರುಗಿತು. ಕೊಕ್ಕೆ ಟಕ್ಕೆಂದು ಬಂದು ದಾರ ಹಿಡಿಯಿತು. ಮಾವ ರೀಲನ್ನು ಕೈಗೆತ್ತಿಕೊಂಡು, "ಭಾನುವಾರ ಮುತ್ತತ್ತಿಗೆ ಓಗವಾ. ನೀನೂ ಬಾರವ್ವ. ಅಲ್ಲಿ ಕೆಟ್ರೆ ಯಾರು ಮಾಡೋರು?" ಎಂದರು.

ಹಿಂದಿನ ದಿನವೇ ಮಳವಳ್ಳಿಯ ನೆಂಟರ ಮನೆಗೆ ಹೋಗಿದ್ದು, ನಡುರಾತ್ರಿಯಲ್ಲೇ ಗಾಡಿ ಕಟ್ಟಿಸಿಕೊಂಡು ಮಾವ, ನನ್ನ ಗಂಡ, ನಾನು ಮೂವರೂ ಹೊಳೆಗೆ ಹೊರಟೆವು. ಮುತ್ತತ್ತಿಯ ಗುಡಿಯಿಂದ ಬಹುದೂರ ಕೆಳಗೆ, ಬಂಡೆಯ ಮೇಲೆ ನಿಂತು ಮಾವ ಗಾಳಕ್ಕೆ ರಾಗಿಮುದ್ದೆಯ ಉಂಡೆ ಸಿಕ್ಕಿಸಿ ಬೀಸಿದರು. ಬಿಸಿಲೇರುವ ಹೊತ್ತಿಗೆ ಕೋಲು ಬಿಲ್ಲಾಯಿತು. ರೀಲು ಜೀಂಯ್ ಎಂದು ಹಾಡತೊಡಗಿತು.

"ಬಿಳಿಮೀನು ಕಣ್ಲಾ, ಬಿಳಿಮೀನು!" ಎಂದು ಮಾವ ಮಗನ ಕಡೆ ಕೂಗಿದರು. ಎಷ್ಟೋ ಹೊತ್ತು ಎಳೆದಾಡಿದರು. ಆಮೇಲೆ ಅವರ ತೋಳು ಸೋಲತೊಡಗಿತು. ನನ್ನ ಗಂಡ ಕೈ ಚಾಚಿದರು. ಮಾವ ಅವರನ್ನು ದಾಟಿ ಕೋಲನ್ನು ನನ್ನ ಕೈಗಿಟ್ಟರು. "ನೀನಿಡ್ಕೊ. ಅದ್ರ ಬಿಗಿ ನಿಂಗೇ ಗೊತ್ತು."

ಗೊತ್ತೇ ಇತ್ತು. ಮಿಷನ್ನಿನಲ್ಲಿ ದಾರ ಬಿಗಿಯಾದರೆ ಕಿತ್ತುಹೋಗುತ್ತದೆ, ಸಡಿಲವಾದರೆ ಗಂಟು ಬೀಳುತ್ತದೆ. ಮೀನು ಓಡಿದಾಗ ರೀಲಿನ ಬಿಗಿಯ ತಿರುಪು ಒಂದಿಷ್ಟು ಸಡಿಲಿಸಿದೆ, ನಿಂತಾಗ ಸುತ್ತಿದೆ. ಮಾವ ಪಕ್ಕದಲ್ಲಿ ಕುಣಿಯುತ್ತ, "ಬುಡು! ಬುಡು! ಈಗ ಸುತ್ತು!" ಎನ್ನುತ್ತಿದ್ದರು. ಕೊನೆಗೆ ನನ್ನ ಗಂಡ ಸೊಂಟದುದ್ದದ ನೀರಿಗಿಳಿದು ಮೀನನ್ನು ತಬ್ಬಿಕೊಂಡೇ ಮೇಲೆ ತಂದರು. ಅವರ ತೋಳಿನಷ್ಟು ಉದ್ದವಿತ್ತು. ಹೆಸರಿಗೆ ಬಿಳಿಮೀನು, ಬಂಗಾರದ ಬಣ್ಣದ ಒಂದೊಂದು ಹುರುಪೆಯೂ ಕಾಸಿನಗಲ.

ಕತ್ತರಿಸಲು ಮಾವ ಒಪ್ಪಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ, ಬಾಲ ಹೊರಗೆ ಕಾಣುವಂತೆ ಹೆಗಲಿಗೇರಿಸಿಕೊಂಡರು. ಗಾಡಿಯಲ್ಲಿ ಮಳವಳ್ಳಿಗೆ ಬಂದು ಬಸ್ಸು ಹತ್ತಿದೆವು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಆ ಬಸ್ಸು ಮದ್ದೂರಿಗೆ ಮುಂಚೆ ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತು. ಎಲ್ಲರೂ ಇಳಿದು ತಳ್ಳಿದೆವು. ಮಾವ ಮಾತ್ರ ತಳ್ಳಲಿಲ್ಲ. ಮೀನು ಹೊತ್ತು ಬಸ್ಸಿನ ಪಕ್ಕದಲ್ಲೇ ನಡೆಯುತ್ತ, ಬೆವರು ಸುರಿಸುತ್ತ ತಳ್ಳುತ್ತಿದ್ದವರಿಗೆಲ್ಲ ಹೇಳುತ್ತಿದ್ದರು: "ಇಡ್ದಿದ್ದು ನಮ್ಮ ಸೊಸೆ ಕಣ್ರಪ್ಪ. ಅಗೋ, ಅಲ್ಲಿ ಬಸ್ ತಳ್ತಾವ್ಳಲ್ಲ, ಅವ್ಳೇಯಾ!"