ಹೆಸರಿಲ್ಲದ ವಾಗಿಯೊ

ಜಾವಾದ ಸೋಲೊ ಅರಮನೆಯ ದೀಪಗಳನ್ನು ವಾಗಿಯೊ ಎಷ್ಟು ಚೆನ್ನಾಗಿ ಉಜ್ಜುತ್ತಿದ್ದನೆಂದರೆ, ಚಂದ್ರ ನಾಚಿ ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿದ್ದ. ಡಚ್ಚರೊಡನೆ ಯುದ್ಧ ನಡೆಯುತ್ತಿದ್ದಾಗ, ಹೊಸ ಗಣರಾಜ್ಯದಲ್ಲಿ ನಮ್ಮೂರು ಅರಸರ ಕೈಕೆಳಗೆ ವಿಶೇಷ ಪ್ರಾಂತವಾಯಿತು. ಅವನಿಗೆ ಬಡ್ತಿ ಬಂತು, ಜೊತೆಗೆ ಪದ್ಧತಿಯಂತೆ ಅರಮನೆಯ ಹೊಸ ಹೆಸರು: ರೆಕ್ಸೊಪ್ರಜೊ. ಹೆಸರು ಬದಲಿಸುವ ಊಟಕ್ಕೆ ಅನ್ನದ ಗೋಪುರ, ಕೋಳಿ ಮಾಡಿ ನಮಗೆಲ್ಲ ಉಣಿಸಿದ. ಉಂಡವರು ಮತ್ತೆ ಹಳೆಯ ಹೆಸರು ಹಿಡಿದು ಕರೆದರೆ ಅವನಿಗೇ ಕೆಡುಕು.

ವರ್ಷ ತುಂಬುವ ಮೊದಲೇ ಜನ ಅರಸರ ಮೇಲೆ ತಿರುಗಿಬಿದ್ದರು, ಪ್ರಾಂತ ರದ್ದಾಯಿತು. ಅರಮನೆಯ ಹೆಸರಿನವರನ್ನು ಬಂದೂಕಿನ ಹುಡುಗರು ಎಳೆದೊಯ್ಯತೊಡಗಿದರು.

"ದಮ್ಮಯ್ಯ, ನನ್ನ ವಾಗಿಯೊ ಅಂತ್ಲೇ ಕರೀರಪ್ಪ" ಎಂದು ಅವನು ಬೇಡಿಕೊಂಡ.

"ಆ ಹೆಸರನ್ನ ಕೋಳಿ ಜತೆ ನುಂಗಿ ನೀರು ಕುಡಿದಾಯ್ತಲ್ಲಯ್ಯಾ! ಇನ್ನೊಂದು ಊಟ ಹಾಕು, ವಾಪಸ್ ಕೊಡ್ತೀವಿ" ಅಂದ ಪಕ್ಕದ ಮನೆಯ ಸೊಂತೊ.

ಊರಿನಲ್ಲಿ ಅಕ್ಕಿಯೇ ಇರಲಿಲ್ಲ.

ಹುಡುಗರು ಬಂದಾಗ ಅವನು "ನಾನು ವಾಗಿಯೊ" ಅಂದ. ಅವರು ನಮ್ಮತ್ತ ತಿರುಗಿ, "ಹೌದೇನ್ರೋ?" ಅಂದರು. ಹೌದೆಂದರೆ ಅವನಿಗೆ ಕೆಡುಕು ತಗಲುತ್ತದೆಂದು ಓಣಿಯೆಲ್ಲ ಬಾಯಿ ಮುಚ್ಚಿ ನಿಂತಿತು. ಅವನನ್ನು ಕರೆದೊಯ್ದರು.

ವಾರದ ಮೇಲೆ ಅವನ ಹೆಂಡತಿ ತುಗಿನೆಂ ಬೇಯಿಸಿದ ಗೆಣಸು ತಂದಿಟ್ಟಳು. "ತೀರಿಕೊಂಡ್ರಂತೆ. ಪ್ರಾರ್ಥನೆಗೆ ಅವರ ಹಳೇ ಹೆಸರು ಬೇಕು. ಇದನ್ನೇ ತಿಂದು ಕೊಟ್ಬಿಡ್ರಣ್ಣ."

ನಾವು ತಿಂದೆವು.